ವಂಚಿತೆ ಯಾರಿಂದ ವಂಚಿತಳು? — ಥಾಮಸ್ ಮಾನ್ ಅವರ ಕೊನೆಯ ನೀಳ್ಗತೆಯನ್ನು ಕುರಿತು

ನಮ್ಮ ಆಲಂಕಾರಿಕರು ನಾಯಿಕೆಯರನ್ನು ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂದು ಮೂರು ತೆರನಾಗಿ ವಿಂಗಡಿಸಿದರು. ವಯಸ್ಸು, ಲಜ್ಜೆ, ಅನುಭವ ಇವುಗಳ ತಾರತಮ್ಯವೇ ಈ ವಿಭಾಗಕ್ಕೆ ಆಧಾರ. ಆದರೆ ಪ್ರಗಲ್ಭೆಯ ವಯಸ್ಸನ್ನೂ ದಾಟಿ ಋತುಚಕ್ರ ನಿಂತ ಹೆಣ್ಣಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಅವಳು ಕಾವ್ಯಕ್ಕೆ ಬಂದರೆ ತಾಯಿಯಾಗಿ, ಅತ್ತೆಯಾಗಿ, ಇಲ್ಲವೆ ಕುಂಟಣಿಯಾಗಿ ಬರಬೇಕು. ಶೃಂಗಾರಕ್ಕೆ ಆಶ್ರಯವಾಗಿ ಬಂದಲ್ಲಿ ಅದು ರಸಾಭಾಸವೆನಿಸಿಕೊಳ್ಳುವ ಸಂಭವವೇ ಹೆಚ್ಚು. ಈ ಮೌನ ನಮ್ಮೊಬ್ಬರದೇ ಅಲ್ಲ. ಪಾಶ್ಚಾತ್ಯ ಸಾಹಿತ್ಯದಲ್ಲಿಯೂ ಐವತ್ತರ ಹೆಣ್ಣಿನ ದೇಹವನ್ನೂ ಬಯಕೆಯನ್ನೂ ಒಟ್ಟಿಗೆ ಕಥಾವಸ್ತುವಾಗಿ ಎತ್ತಿಕೊಂಡ ಕೃತಿಗಳು ವಿರಳ. ಅಂಥ ವಿರಳ ಕೃತಿಗಳಲ್ಲೊಂದು ಜರ್ಮನ್ ಲೇಖಕ ಥಾಮಸ್ ಮಾನ್ 1953ರಲ್ಲಿ ಪ್ರಕಟಿಸಿದ ‘ದೀ ಬೆಟ್ರೋಗೆನೆ’. ಅವರು 1955ರಲ್ಲಿ ತೀರಿಕೊಂಡರು. ಅವರು ಪೂರ್ಣಗೊಳಿಸಿದ ಕೊನೆಯ ನೀಳ್ಗತೆ ಇದು.

ಮೂಲದ ಹೆಸರಿಗೆ ‘ವಂಚಿತೆ’ ಎಂದರ್ಥ. 1954ರಲ್ಲಿ ಇಂಗ್ಲಿಷಿಗೆ ಬಂದಾಗ ಇದು ‘ದಿ ಬ್ಲ್ಯಾಕ್ ಸ್ವಾನ್’, ಎಂದರೆ ‘ಕಪ್ಪು ಹಂಸ’ ಎಂಬ ಹೆಸರನ್ನು ತಳೆಯಿತು. ನಮ್ಮ ತರಗತಿಗಳಲ್ಲಿ ಈ ಕಥೆಯನ್ನು ಓದಿದವರು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಓದಿದ್ದಾರೆ. ಹಂಸ ಕಥೆಯಲ್ಲಿ ಬರುವ ಒಂದು ಸಂಕೇತ. ‘ವಂಚಿತೆ’ ಎಂಬುದಾದರೋ ಒಂದು ತೀರ್ಪು. ಆ ತೀರ್ಪು ಯಾರದು, ಅದನ್ನು ಕಥೆಯೇ ಎತ್ತಿಹಿಡಿಯುತ್ತದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥಾಸಾರ ಸರಳವಾಗಿದೆ. ಕಾಲ 1920ರ ದಶಕ. ಸ್ಥಳ ರೈನ್ ನದಿಯ ದಡದ ಡ್ಯೂಸೆಲ್ಡಾರ್ಫ್ ನಗರ. ಸೇನಾಧಿಕಾರಿಯೊಬ್ಬನ ವಿಧವೆಯಾದ ರೋಸಾಲಿ ಫಾನ್ ಟ್ಯುಮ್ಲರ್ ಐವತ್ತನ್ನು ಮುಟ್ಟಿದ್ದಾಳೆ. ಪ್ರಕೃತಿಯ ಮೇಲೆ ಅವಳಿಗೆ ಅಪಾರ ಪ್ರೀತಿ. ಮಗಳು ಅನ್ನಾ ಹುಟ್ಟಿನಿಂದ ಕಾಲು ಊನವಾದವಳು, ಬುದ್ಧಿಪ್ರಧಾನ ಚಿತ್ರಗಳನ್ನು ಬರೆಯುವ ಕಲಾವಿದೆ. ಮಗ ಎಡ್ವರ್ಡ್ ಇನ್ನೂ ಶಾಲೆಯಲ್ಲಿ ಓದುವ ಹುಡುಗ. ತನ್ನ ಋತು ನಿಂತಿತೆಂದು ರೋಸಾಲಿ ಮಗಳೊಡನೆ ಕಣ್ಣೀರಿಟ್ಟು ಹೇಳಿಕೊಳ್ಳುತ್ತಾಳೆ. ಎಡ್ವರ್ಡನಿಗೆ ಇಂಗ್ಲಿಷ್ ಹೇಳಿಕೊಡಲು ಇಪ್ಪತ್ತನಾಲ್ಕು ವರ್ಷದ ಅಮೆರಿಕನ್ ತರುಣ ಕೆನ್ ಕೀಟನ್ ಮನೆಗೆ ಬಂದುಹೋಗುತ್ತಾನೆ. ರೋಸಾಲಿ ಅವನಲ್ಲಿ ಅನುರಕ್ತಳಾಗುತ್ತಾಳೆ. ಕೆಲಕಾಲದ ಮೇಲೆ ರಕ್ತಸ್ರಾವ ಮತ್ತೆ ಕಾಣಿಸಿಕೊಳ್ಳುತ್ತದೆ. ಪ್ರೇಮದ ಬಲದಿಂದ ಪ್ರಕೃತಿ ತನ್ನ ಯೌವನವನ್ನು ಮರಳಿ ಕೊಟ್ಟಿತೆಂದು ಅವಳು ಹಿಗ್ಗುತ್ತಾಳೆ. ಹೋಲ್ಟರ್‌ಹೋಫ್ ಎಂಬ ಹಳೆಯ ಅರಮನೆಗೆ ವಿಹಾರ ಹೋದಾಗ, ಬೂಷ್ಟು ಹಿಡಿದ ಗುಪ್ತಮಾರ್ಗವೊಂದರಲ್ಲಿ ಕೆನ್‌ನನ್ನು ಅಪ್ಪಿ ತನ್ನ ಪ್ರೇಮವನ್ನು ಒಪ್ಪಿಕೊಳ್ಳುತ್ತಾಳೆ. ಆದರೆ ಆ ಮಿಲನ ನೆರವೇರುವ ಮುನ್ನವೇ ತೀವ್ರ ರಕ್ತಸ್ರಾವವಾಗಿ ಆಸ್ಪತ್ರೆ ಸೇರುತ್ತಾಳೆ. ಉದರವನ್ನು ತೆರೆದ ವೈದ್ಯರು ಕಾಣುವುದು ಎಲ್ಲೆಡೆ ಹಬ್ಬಿದ ಕ್ಯಾನ್ಸರನ್ನು.

ಈ ಕಥೆಯನ್ನು ಪ್ರಕೃತಿಯ ಕ್ರೂರ ವ್ಯಂಗ್ಯವೆಂದು ಓದುವುದು ರೂಢಿ. ರೋಸಾಲಿಯ ಪ್ರೇಮವೇ ರೋಗದ ಕಾರ್ಯ. ಗಡ್ಡೆ ಸುರಿಸಿದ ರಸವನ್ನು ಅವಳು ಹೃದಯದ ಮಾತೆಂದು ತಿಳಿದಳು. ಆದಕಾರಣ ವಂಚಿತಳಾದಳು, ಎಂಬುದು ಆ ಓದಿನ ಸಾರಾಂಶ. ಈ ವ್ಯಾಖ್ಯಾನವನ್ನು ಒಪ್ಪುವುದು ಕಷ್ಟ. ಮೊದಲನೆಯದಾಗಿ, ಕಥೆಯ ಪೂರ್ವಾಪರ ಕ್ರಮವನ್ನು ನೋಡಬೇಕು: ಅನುರಾಗ ಹುಟ್ಟಿದ್ದು ಮೊದಲು, ರಕ್ತ ಕಾಣಿಸಿಕೊಂಡದ್ದು ಅನಂತರ. ಎರಡನೆಯದಾಗಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಪ್ರೊಫೆಸರ್ ಮುಥೇಸಿಯುಸ್ ಆಡುವ ಮಾತನ್ನು ಗಮನವಿಟ್ಟು ಓದಬೇಕು. ರೋಗದ ಮೂಲ ಅಂಡಾಶಯವೆಂದೂ, ಅಲ್ಲಿಂದ ಉಂಟಾದ ಈಸ್ಟ್ರೊಜೆನ್ ಹಾರ್ಮೋನಿನ ಪ್ರವಾಹದಿಂದ ಗರ್ಭಕೋಶದ ಒಳಪದರ ಬೆಳೆದು ರಕ್ತಸ್ರಾವವಾಯಿತೆಂದೂ ಅವರು ಊಹಿಸುತ್ತಾರೆ. ಅವರು ವಿವರಿಸುವುದು ರಕ್ತವನ್ನು ಮಾತ್ರ, ಪ್ರೇಮವನ್ನಲ್ಲ. ರಕ್ತದ ಕಾರಣವನ್ನೇ ಪ್ರೇಮದ ಕಾರಣವೆಂದು ಮುಂದೊಯ್ದವರು ಓದುಗರು. ಕೋಶಗಳನ್ನು ಕೆರಳಿಸಿದ್ದು ಏನೆಂಬ ಪ್ರಶ್ನೆಯನ್ನಂತೂ ಆ ಪ್ರೊಫೆಸರು ದೇವರಿಗೇ ಬಿಟ್ಟುಬಿಡುತ್ತಾರೆ.

ಹಾಗಾದರೆ ರೋಸಾಲಿಯ ತಪ್ಪೇನು? ಐವತ್ತರಲ್ಲಿ ಬಯಸಿದ್ದು ತಪ್ಪಲ್ಲ. ಬಯಸುವ ಹಕ್ಕಿಗೆ ರಕ್ತದ ಮುದ್ರೆ ಬೇಕೆಂದು ನಂಬಿದ್ದು ತಪ್ಪು. ಋತು ನಿಂತಾಗ ತಾನು ಹೆಣ್ಣೇ ಅಲ್ಲ, ಒಣಗಿದ ಸಿಪ್ಪೆ ಎಂದು ಅವಳು ಶೋಕಿಸುತ್ತಾಳೆ. ಅನುರಾಗ ಹುಟ್ಟಿದಾಗ ಅದನ್ನು ನಾಚಿಕೆಗೇಡೆಂದು ಬಚ್ಚಿಡುತ್ತಾಳೆ. ರಕ್ತ ಮರಳಿದೊಡನೆ ಅದೇ ಅನುರಾಗ ಅವಳಿಗೆ ನ್ಯಾಯಸಮ್ಮತವಾಗಿ ಕಾಣುತ್ತದೆ. ಬಯಕೆ ಒಂದೇ, ಬದಲಾದದ್ದು ಅನುಮತಿ. ನಮ್ಮ ಆಡುಮಾತಿನಲ್ಲಿ ‘ಮುಟ್ಟು ನಿಂತಿತು’ ಎನ್ನುತ್ತಾರೆ. ನಿಂತದ್ದು ಮುಟ್ಟು ಮಾತ್ರ ಎಂಬುದನ್ನು ರೋಸಾಲಿಗೆ ಹೇಳುವವರು ಯಾರೂ ಇರಲಿಲ್ಲ. ಮಗಳು ಅನ್ನಾ ಬುದ್ಧಿವಂತೆ, ಸ್ನೇಹಮಯಿ. ಆದರೆ ದೇಹದ ಹೊಸ ಸ್ಥಿತಿಗೆ ಮನಸ್ಸು ಒಗ್ಗಿಕೊಳ್ಳಬೇಕೆಂಬ ಅವಳ ಉಪದೇಶವೂ ತ್ಯಾಗದ ಉಪದೇಶವೇ. ಮರಳಿದ ರಕ್ತವನ್ನು ತಾಯಿ ಪವಾಡವೆಂದು ಸಾರಿದಾಗ ಅನ್ನಾ ಅಳುಕುತ್ತಾಳೆ. ಆದರೂ ವೈದ್ಯರಿಗೆ ತೋರಿಸಿಕೊಳ್ಳುವುದು ಸಕಾಲದಲ್ಲಿ ನಡೆಯುವುದಿಲ್ಲ. ವಂಚನೆಯ ನಿಜವಾದ ಸ್ಥಾನ ಇದು: ಹೆಣ್ತನವನ್ನೂ ಋತುವನ್ನೂ ಒಂದೇ ಎಂದೆಣಿಸುವ ಸಂಸ್ಕಾರ ಅವಳ ಬಯಕೆಯನ್ನು ಮೊದಲು ಅವಮಾನಿಸಿತು, ಆಮೇಲೆ ರೋಗವನ್ನು ವರವೆಂದು ನಂಬಿಸಿತು.

ಇಂದಿನ ವೈದ್ಯಶಾಸ್ತ್ರದ ಬೆಳಕಿನಲ್ಲಿ ಈ ವಿವೇಚನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ; ಭಾರತದಲ್ಲಿ ಇದರ ಸರಾಸರಿ ವಯಸ್ಸು 46–47. ಅನಂತರ ಕಾಣುವ ರಕ್ತಸ್ರಾವ ಬಹುಪಾಲು ಸಂದರ್ಭಗಳಲ್ಲಿ ಕ್ಯಾನ್ಸರಿನದಲ್ಲ. ಆದರೂ ಒಂದೇ ಸಲ, ಸ್ವಲ್ಪವೇ ಕಂಡರೂ ಪರೀಕ್ಷೆ ಅಗತ್ಯ. ಈಸ್ಟ್ರೊಜೆನ್ ಸುರಿಸುವ ಅಂಡಾಶಯದ ಗಡ್ಡೆಗಳು ಅಪರೂಪವಾದರೂ ಉಂಟು. ಮಾನ್ ವೈದ್ಯರಲ್ಲಿ ವಿಚಾರಿಸಿಯೇ ಬರೆದರೆಂಬುದು ಇದರಿಂದಲೂ ವೇದ್ಯ. ಬಯಕೆಯ ವಿಷಯ ಬೇರೆ. ಋತುಬಂಧದ ಬಳಿಕ ಯೋನಿಯ ಒಳಪದರ ತೆಳುವಾಗಿ, ಶುಷ್ಕವಾಗಿ, ಸಮಾಗಮದಲ್ಲಿ ನೋವುಂಟಾಗಬಹುದು, ಅದಕ್ಕೆ ಚಿಕಿತ್ಸೆಯಿದೆ. ಬಯಕೆಯಾದರೋ ಹಾರ್ಮೋನೊಂದನ್ನೇ ಅವಲಂಬಿಸಿದ್ದಲ್ಲ. ಆರೋಗ್ಯ, ನಿದ್ರೆ, ಸಂಗಾತಿಯ ನಡತೆ, ಮನಸ್ಸಿನ ನೆಮ್ಮದಿ ಇವೆಲ್ಲ ಅದರಲ್ಲಿ ಸೇರಿವೆ. ವಯಸ್ಸಾದ ಸ್ತ್ರೀಯರಲ್ಲಿಯೂ ಕಾಮಸಾಮರ್ಥ್ಯ ಉಳಿದಿರುತ್ತದೆಂದು ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲೇ ಪ್ರಕಟಿಸಿದರು. ರೋಸಾಲಿ ಒಂದಾಗಿ ಬೆಸೆದ ಎರಡು ಸಂಗತಿಗಳನ್ನು ಬಿಡಿಸಿಟ್ಟು ನೋಡಿದರೆ, ಒಂದು ಬದುಕಿನ ಲಕ್ಷಣ, ಇನ್ನೊಂದು ರೋಗದ ಲಕ್ಷಣ.

ಈ ವಾದಕ್ಕೆ ಪ್ರತಿಯಾಗಿ ಕೃತಿಯಲ್ಲಿಯೇ ಸಾಕ್ಷ್ಯವಿದೆ ಎಂಬುದನ್ನು ಮರೆಮಾಚಲಾಗದು. ತಾಯಿ ಮಗಳು ವಿಹಾರ ಹೋದಾಗ ಕಸ್ತೂರಿಯಂಥ ಪರಿಮಳ ತೇಲಿಬರುತ್ತದೆ. ಹತ್ತಿರ ಹೋದರೆ ಅದು ಮಲ ಮತ್ತು ಸತ್ತ ಪ್ರಾಣಿಯ ಕೊಳೆತ ರಾಶಿ. ವಸಂತದ ಕ್ರೋಕಸ್ ಹೂ ಶರತ್ಕಾಲದ ಕಾಲ್ಚಿಕಂ ಹೂವನ್ನೇ ಹೋಲುತ್ತದೆಂದು ರೋಸಾಲಿ ಬೆರಗಾಗುತ್ತಾಳೆ. ಹಂಸಗಳಿಗೆಂದು ತಂದ ರೊಟ್ಟಿಯನ್ನು ತಾನೇ ತಿಂದಾಗ ಕಪ್ಪು ಹಂಸವೊಂದು ರೆಕ್ಕೆ ಬಿಚ್ಚಿ ಬುಸುಗುಡುತ್ತದೆ. ಈ ಸಂಕೇತಗಳ ಧ್ವನಿ ಒಂದೇ: ಅರಳುವುದೂ ಕೊಳೆಯುವುದೂ ಬೇರೆಯಲ್ಲ. ಇವುಗಳ ಒತ್ತಡ ಅತಿಯಾಯಿತೆಂದೇ ಹೇಳಬೇಕು. ಬಯಸಿದ ಹೆಣ್ಣಿಗೆ ಕಥೆಗಾರ ಶಿಕ್ಷೆ ವಿಧಿಸಿದನೆಂಬ ಶಂಕೆಗೆ ಎಡೆಯಾಗುವುದು ಇಲ್ಲಿಯೇ. ಕೆನ್ ಪಾತ್ರವೂ ಟೊಳ್ಳು; ಅವನು ಬಯಕೆಯ ಗುರಿಯೇ ಹೊರತು ಮನುಷ್ಯನಾಗಿ ಬೆಳೆಯುವುದಿಲ್ಲ.

ಆದರೆ ಕೊನೆಯ ಮಾತನ್ನು ಮಾನ್ ಸಂಕೇತಗಳಿಗೂ ಕೊಡಲಿಲ್ಲ, ವೈದ್ಯರಿಗೂ ಕೊಡಲಿಲ್ಲ. ಹಾಸಿಗೆಯ ಮೇಲೆ ಸಾವನ್ನೆದುರಿಸುವ ರೋಸಾಲಿ ಪ್ರಕೃತಿಯನ್ನು ನಿಂದಿಸುವುದಿಲ್ಲ. ಸಾವು ಪ್ರೇಮದ ರೂಪ ತಳೆದು ಬಂದದ್ದು ಸುಳ್ಳಲ್ಲ, ಕೃಪೆ ಎಂಬುದು ಅವಳ ಭಾವ. ತಾನು ವಂಚಿತಳಾಗಲಿಲ್ಲವೆಂದು ನಾಯಿಕೆಯೇ ನುಡಿಯುತ್ತಾಳೆ. ಕೃತಿಯ ಶೀರ್ಷಿಕೆ ಅವಳ ಮಾತಿನೆದುರು ಪ್ರಶ್ನೆಯಾಗಿ ನಿಲ್ಲುತ್ತದೆ.

ಈ ಕಥೆಯನ್ನು ಪಾಠ ಹೇಳುವಾಗ ರಕ್ತದ ಪ್ರಸ್ತಾಪ ಬಂದೊಡನೆ ಪುಟ ಮಗುಚುವ ಸಂಕೋಚ ನಮ್ಮಲ್ಲಿ ಸಹಜ. ಆದರೆ ರೋಸಾಲಿಯನ್ನು ಕೊಂದದ್ದರಲ್ಲಿ ಅಂಥ ಸಂಕೋಚದ ಪಾಲೂ ಉಂಟು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿನಿಯರ ತಾಯಂದಿರು ಇದೇ ವಯಸ್ಸಿನವರು. ಬಯಕೆಯನ್ನು ನಾಚಿಕೆಯೆಂದೂ ರಕ್ತವನ್ನು ಹೇಳಬಾರದ ಸಂಗತಿಯೆಂದೂ ಬಚ್ಚಿಟ್ಟುಕೊಂಡವರು ಅವರಲ್ಲಿ ಇರಬಹುದು. ಆಲಂಕಾರಿಕರ ಪಟ್ಟಿಯಲ್ಲಿ ಹೆಸರಿಲ್ಲದ ಈ ನಾಯಿಕೆಯ ವಿಷಯವನ್ನು ವಿಮರ್ಶೆ ಅಳುಕಿಲ್ಲದೆ ಚರ್ಚಿಸುವುದು ಸಾಹಿತ್ಯದ ದೃಷ್ಟಿಯಿಂದಲೂ ಬದುಕಿನ ದೃಷ್ಟಿಯಿಂದಲೂ ಉಚಿತ.