ಮಲ್ಲಯ್ಯನ ಹಾದಿಗೆ ಗಂಟು ಕಟ್ಟುವ ಬಗೆ

ಹೋಳಿ ಹುಣ್ಣಿಮೆಯ ಬಣ್ಣವು ಮೈಮೇಲಿನಿಂದ ಪೂರ್ತಿಯಾಗಿ ತೊಳೆದುಹೋಗುವ ಮುನ್ನವೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಗಳ ಊರೂರುಗಳಿಂದ ಕಂಬಿಯನ್ನು ಹೆಗಲಿಗೇರಿಸಿಕೊಂಡು ಮೂಡಣಕ್ಕೆ ಮುಖಮಾಡಿ ಹೊರಡುವ ಪಾದಚಾರಿಗಳು, ಯುಗಾದಿಯ ಹೊತ್ತಿಗೆ ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಲೇಬೇಕೆಂಬ ಸಂಕಲ್ಪದಿಂದ, ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕಾಲ್ನಡಿಗೆಯಲ್ಲಿಯೇ ಸವೆಸುತ್ತಾರೆ. ಇವರ ಭಕ್ತಿಯನ್ನು ಕುರಿತು ಬರೆದವರು ಬಹುಮಂದಿ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರ ಚಿತ್ರಗಳೂ ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಆದರೆ ಅವರ ಬೆನ್ನಮೇಲಿನ ಗಂಟಿನಲ್ಲಿ ಏನಿರುತ್ತದೆ, ಏನಿರಬೇಕು, ಏನಿರಬಾರದು ಎಂಬುದನ್ನು ವಿಚಾರಿಸಿದವರು ವಿರಳ. ನಡಿಗೆಯನ್ನೇ ವ್ಯಸನವಾಗಿ ಮಾಡಿಕೊಂಡಿರುವ ಈ ಅಂಕಣಕಾರನಿಗಾದರೋ ಅದಕ್ಕಿಂತ ರಸವತ್ತಾದ ವಿಷಯ ಮತ್ತೊಂದು ತೋರದು.

ಹಿಮಾಲಯದ ಚಾರಣಕ್ಕೆ ಹೊರಡುವವನು ಡೇರೆ, ಒಲೆ, ಇಂಧನ, ಧಾನ್ಯ ಎಲ್ಲವನ್ನೂ ಹೊರುವುದು, ಏರಿದ ಬೆಟ್ಟವು ಅವನಿಗೆ ನೀರಿನ ಹೊರತು ಮತ್ತೇನನ್ನೂ ಕೊಡದೆಂಬ ಕಾರಣದಿಂದ. ಶ್ರೀಶೈಲದ ಹಾದಿಯ ಧರ್ಮವೇ ಬೇರೆ. ಹುನಗುಂದ, ಇಳಕಲ್ಲುಗಳನ್ನು ಹಿಂದಿಕ್ಕಿ ಮುದಗಲ್ಲು, ಲಿಂಗಸುಗೂರು, ರಾಯಚೂರುಗಳ ಕಡೆಗೆ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ, ಯಾವ ಸರಕಾರದ ಆಜ್ಞೆಗೂ ಕಾಯದೆ, ಹಳ್ಳಿಯವರು ಶಾಮಿಯಾನ ಹಾಕಿ ದಾಸೋಹವಿಟ್ಟಿರುತ್ತಾರೆ. ಹೋಗುವವರ ಕೈಹಿಡಿದು ಕೂರಿಸಿ ಅನ್ನ ಸಾರು ಬಡಿಸುತ್ತಾರೆ, ಮಜ್ಜಿಗೆ ಹೊಯ್ಯುತ್ತಾರೆ, ಬಿಸಿನೀರಿನಲ್ಲಿ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ಯಾವ ಪದಾರ್ಥವನ್ನು ದಾರಿಯು ತಾನಾಗಿ ನೀಡುತ್ತದೆಯೋ ಅದನ್ನು ಮನೆಯಿಂದ ಹೊತ್ತುಕೊಂಡು ಹೋಗುವುದು ಅವಿವೇಕವಷ್ಟೇ ಅಲ್ಲ, ನೀಡುವವನ ಕೈಯನ್ನು ನಂಬದ ಅಸೌಜನ್ಯವೂ ಹೌದು. ಬೆಂಗಳೂರಿನಿಂದ ಬಂದು ಗುಂಪನ್ನು ಸೇರಿಕೊಂಡ ತರುಣನೊಬ್ಬನ ಉಬ್ಬಿದ ಚೀಲವನ್ನು ಅಮೀನಗಡದ ಬಳಿ ಮುದುಕಿಯೊಬ್ಬಳು ಎರಡು ಸಾರಿ ಸುತ್ತಿ ನೋಡಿ, "ಏ ತಮ್ಮಾ, ಮಲ್ಲಯ್ಯನ ಗುಡ್ಡಕ್ಕ ಹೊಂಟೀಯೋ, ಬಾಡಿಗಿ ಮನಿ ಖಾಲಿ ಮಾಡಿ ಹೊಂಟೀಯೋ?" ಎಂದು ಕೇಳಿದಳು. ಗಂಟು ಕಟ್ಟುವ ಶಾಸ್ತ್ರದಲ್ಲಿ ಅದಕ್ಕಿಂತ ಸಂಕ್ಷಿಪ್ತವಾದ ಸೂತ್ರವನ್ನು ನಾನು ಕೇಳಿಲ್ಲ. ಅಕ್ಕಮಹಾದೇವಿಯು ಕಲ್ಯಾಣದಿಂದ ಕದಳಿಗೆ ನಡೆದಾಗ ಗಂಟಿನ ಪ್ರಶ್ನೆಯೇ ಉದ್ಭವಿಸಲಿಲ್ಲ. ಆ ಅಧಿಕಾರ ನಮಗಿಲ್ಲವಾದುದರಿಂದ ಲೆಕ್ಕ ಹಾಕಬೇಕಾಗಿದೆ. ನೀರನ್ನು ಬಿಟ್ಟು ಐದು ಕಿಲೋಗೆ ಮೀರಿದ ಗಂಟನ್ನು ನಾನು ಗಂಟೆಂದು ಒಪ್ಪುವುದಿಲ್ಲ.

ಹೊರುವ ಸಾಧನದ ವಿಷಯದಲ್ಲಿ ನಮ್ಮವರು ನಿರಾಡಂಬರರು. ಹಿಂದಿನವರು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಕಟ್ಟುತ್ತಿದ್ದರು. ಇಂದಿನವರಲ್ಲಿ ಅನೇಕರು ಮಕ್ಕಳು ಬಿಟ್ಟ ಶಾಲೆಯ ಚೀಲವನ್ನೇ ಬೆನ್ನಿಗೇರಿಸುತ್ತಾರೆ, ಪಟ್ಟಿ ಅಗಲವಾಗಿದ್ದು ಹೊಲಿಗೆ ಗಟ್ಟಿಯಾಗಿದ್ದರೆ ಅದರಲ್ಲಿ ಕೊರತೆಯೇನಿಲ್ಲ. ಒಂದೇ ಹೆಗಲಿಗೆ ಇಳಿಬಿಡುವ ಜೋಳಿಗೆಯು ಮಾತ್ರ ಈ ಕಾರ್ಯಕ್ಕೆ ಸಲ್ಲದು. ಬರಿದಾಗಿ ಹೊರಟು ತುಂಬಿಕೊಂಡು ಮಠಕ್ಕೆ ಮರಳುವ ಭಿಕ್ಷೆಯ ಜಂಗಮನಿಗೆ ಅದು ಅತ್ಯುತ್ತಮವಾದುದಾದರೂ, ತುಂಬಿಕೊಂಡೇ ಹೊರಟು ಹತ್ತು ಹನ್ನೆರಡು ದಿನ ನಡೆಯುವವನ ಬೆನ್ನೆಲುಬನ್ನು ಅದು ಒಂದು ಕಡೆಗೆ ಬಾಗಿಸಿಬಿಡುತ್ತದೆ.

ಬೆಳಕಿನ ವಿಷಯದಲ್ಲಿ ಪಂಚಾಂಗವನ್ನು ಬಲ್ಲವನಿಗೆ ಲಾಭವುಂಟು. ಫಾಲ್ಗುಣದ ಕೊನೆಯ ಬಿಸಿಲು ರಾಯಚೂರಿನ ಬಯಲಿನಲ್ಲಿ ನಲವತ್ತು ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಆದಕಾರಣ ನಡಿಗೆಯು ನಸುಕಿನ ಮೂರಕ್ಕೆ ಆರಂಭವಾಗಿ ಒಂಬತ್ತಕ್ಕೆ ನಿಲ್ಲುತ್ತದೆ, ಮರಳಿ ಬಿಸಿಲಿಳಿದ ಮೇಲೆ ಮುಂದುವರಿಯುತ್ತದೆ. ಹುಣ್ಣಿಮೆಯ ಮರುದಿನ ಹೊರಟವನಿಗೆ ಚಂದ್ರನು ಇರುಳಿರುಳೂ ಸುಮಾರು ಮುಕ್ಕಾಲು ಗಂಟೆ ತಡವಾಗಿ ಮೂಡುತ್ತಾ ಹೋಗುವನಾದ್ದರಿಂದ ಸಂಜೆಗಳು ಬೇಗ ಕತ್ತಲಾದರೂ, ನಸುಕಿನ ಆಕಾಶದಲ್ಲಿ ಅವನು ಬಹುದಿನಗಳವರೆಗೆ ಜೊತೆಗಿರುತ್ತಾನೆ. ಅಮಾವಾಸ್ಯೆ ಸಮೀಪಿಸಿದಂತೆ ಅವನೂ ಕೈಬಿಡುತ್ತಾನೆ; ದುರ್ದೈವವಶಾತ್ ಕಾಡಿನ ದಾರಿಯು ಎದುರಾಗುವುದು ಆ ದಿನಗಳಲ್ಲಿಯೇ. ಬ್ಯಾಟರಿಯನ್ನು ಮೊದಲ ವಾರದಲ್ಲಿ ಉರಿಸಿ ಮುಗಿಸುವವರು ಇದನ್ನು ಯೋಚಿಸಿರುವುದಿಲ್ಲ.

ಇನ್ನು ಪಾದಗಳು. ಹೊಸ ಚಪ್ಪಲಿ ಹಾಕಿಕೊಂಡು ಹೊರಟವನಿಗೆ ಇಳಕಲ್ಲು ಮುಟ್ಟುವುದರೊಳಗೆ ಬೊಬ್ಬೆಗಳೇಳುವುದು ಖಂಡಿತ. ಬೆವರಿನ ತೇವ, ಡಾಂಬರಿನ ಕಾವು, ತೊಗಲಿನ ಉಜ್ಜಾಟ ಈ ಮೂರೂ ಕೂಡಿದೆಡೆ ಚರ್ಮದ ಪದರಗಳು ಬೇರ್ಪಟ್ಟು ನಡುವೆ ನೀರು ತುಂಬುತ್ತದೆ. ಅದನ್ನು ಸೂಜಿಯಿಂದ ಚುಚ್ಚಿ, ಅರಿಷಿಣದ ಎಣ್ಣೆಯಲ್ಲಿ ಅದ್ದಿದ ದಾರವನ್ನು ಹಾಯಿಸಿಬಿಡುವುದು ಈ ಹಾದಿಯ ಹಳೆಯ ವೈದ್ಯ. ವೈದ್ಯರು ಒಪ್ಪಲಾರರು, ನಾನೂ ಒಪ್ಪುವುದಿಲ್ಲ. ಬೊಬ್ಬೆ ಏಳುವ ಮುನ್ನ ಕೆಂಪಗಾಗಿ ಚುರುಗುಟ್ಟುವ ಜಾಗಕ್ಕೆ ಅಂಟುಪಟ್ಟಿ ಹಚ್ಚಿ, ಮಲಗುವಾಗ ಹರಳೆಣ್ಣೆ ತಿಕ್ಕಿ, ಎರಡು ಜೊತೆ ಕಾಲುಚೀಲಗಳನ್ನು ಒಂದು ಒಣಗಿಸಿ ಒಂದು ತೊಡುತ್ತಾ ಹೋದರೆ ಆ ಚಿಕಿತ್ಸೆಯ ಪ್ರಸಂಗವೇ ಬಾರದು. ಬರಿಗಾಲಿನ ಹರಕೆಯುಳ್ಳವರು ಶಿವರಾತ್ರಿಯಿಂದಲೇ ಚಪ್ಪಲಿ ಬಿಟ್ಟು ಅಂಗಾಲನ್ನು ಗಟ್ಟಿಮಾಡಿಕೊಳ್ಳಬೇಕು, ದಾರಿಯಲ್ಲಿ ಡಾಂಬರನ್ನು ಬಿಟ್ಟು ಅಂಚಿನ ಮಣ್ಣನ್ನೇ ತುಳಿಯಬೇಕು.

ಗಂಟನ್ನು ಪರೀಕ್ಷಿಸದೆ ಹೊರಡುವುದು ಸಲ್ಲದು. ಆ ಪರೀಕ್ಷೆಗೆ ಬಾದಾಮಿಯ ಸುತ್ತಣ ನೆಲಕ್ಕಿಂತ ಯೋಗ್ಯವಾದ ಕ್ಷೇತ್ರವಿಲ್ಲ. ಹೊರಡುವ ದಿನಕ್ಕೆ ಒಂದೆರಡು ವಾರ ಮುನ್ನ, ಪೂರ್ಣಭಾರವನ್ನು ಹೊತ್ತು, ಬನಶಂಕರಿಯ ಹೊಂಡದ ಬಳಿಯಿಂದ ಬೆಳಗಿನ ಜಾವ ನಡೆಯತೊಡಗಿ, ಮಲಪ್ರಭೆಯ ತಡಿಯ ಶಿವಯೋಗ ಮಂದಿರದಲ್ಲಿ ವಿಶ್ರಮಿಸಿ, ಮಹಾಕೂಟದ ಪುಷ್ಕರಿಣಿಯಲ್ಲಿ ಮಿಂದು, ಗುಡ್ಡದ ಕಾಲುದಾರಿಯಿಂದ ಬಾದಾಮಿಗೆ ಇಳಿದರೆ, ಹೊಲ, ರಸ್ತೆ, ಕಲ್ಲುಗುಡ್ಡ ಮೂರರ ರುಚಿಯೂ ಒಂದೇ ದಿನದಲ್ಲಿ ದೊರೆತು, ಚೀಲದ ಯಾವ ಪಟ್ಟಿ ಎಲ್ಲಿ ಕೊರೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಶಿವಯೋಗ ಮಂದಿರದಲ್ಲಿ ನಿಲ್ಲಿರೆನ್ನಲು ಮತ್ತೊಂದು ಕಾರಣವೂ ಉಂಟು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ವಟುಗಳ ಶಿಕ್ಷಣಕ್ಕಾಗಿ ಸ್ಥಾಪಿಸಿದ ಆ ಸಂಸ್ಥೆಯ ವಿಭೂತಿಗೆ ನಮ್ಮ ಸೀಮೆಯಲ್ಲಿ ಎಣೆಯಿಲ್ಲ. ಗೋಶಾಲೆಯ ಸಗಣಿಯನ್ನು ಒಣಗಿಸಿ ಸುಟ್ಟು ಸೋಸಿ ಮಾಡಿದ ಆ ಬಿಳಿಯ ಗಟ್ಟಿಯೊಂದನ್ನು ಗಂಟಿನಲ್ಲಿರಿಸದೆ ಹೊರಡುವ ಯಾತ್ರಿಕನನ್ನು ನಾನು ಕಂಡದ್ದಿಲ್ಲ. ಮುಟ್ಟಿದರೆ ಬೆರಳಿಗೆ ಹಿಟ್ಟಿನಂತೆ ಹತ್ತುವ, ಮೂಲೆ ತಾಕಿದರೆ ಮುಕ್ಕಾಗುವ ವಸ್ತು ಅದು. ಅರಿವೆಯಲ್ಲಿ ಸುತ್ತಿ ಪುಟ್ಟ ಸ್ಟೀಲಿನ ಡಬ್ಬಿಯಲ್ಲಿಡದಿದ್ದರೆ, ಮುದಗಲ್ಲು ದಾಟುವಷ್ಟರಲ್ಲಿ ಅಂಗಿ, ಧೋತರ, ರೊಟ್ಟಿಗಳೆಲ್ಲವೂ ಭಸ್ಮಧಾರಣೆ ಮಾಡಿಕೊಂಡಿರುತ್ತವೆ.

ದಾಸೋಹವುಂಟೆಂದ ಮೇಲೆ ಬುತ್ತಿಯೇಕೆ ಎಂದರೆ, ನಸುಕಿನ ಮೂರು ಗಂಟೆಗೆ ಯಾವ ದಾಸೋಹದ ಒಲೆಯೂ ಹೊತ್ತಿರುವುದಿಲ್ಲ. ಹಸಿವೆಯಾದರೋ ಐದಕ್ಕೇ ಎಚ್ಚರಗೊಳ್ಳುತ್ತದೆ. ಇದಕ್ಕೆ ನಮ್ಮ ಹೆಣ್ಣುಮಕ್ಕಳು ಕಂಡುಕೊಂಡಿರುವ ಉತ್ತರವು ಕಟಕ ರೊಟ್ಟಿ. ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಕೆಂಡದ ಮಗ್ಗುಲಿಗೆ ನಿಲ್ಲಿಸಿ, ಒಳಗಿನ ತೇವವೆಲ್ಲ ಆರುವಂತೆ ಮಾಡಿದಾಗ ಅದು ವಾರಗಟ್ಟಲೆ ಕೆಡದೆ ಉಳಿಯುತ್ತದೆ, ಬೂಷ್ಟಿಗೆ ಬೇಕಾದ ನೀರೇ ಅದರಲ್ಲಿ ಇಲ್ಲದಿರುವುದರಿಂದ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ತೇವ ಕಟ್ಟಿ ತೊಗಲಾಗುತ್ತದೆ. ಹಳೆಯ ಧೋತರದ ತುಂಡೇ ಶ್ರೇಷ್ಠ. ಇಡಿಯಾಗಿ ಒಯ್ಯುತ್ತೇನೆಂಬ ಹಟವೂ ಬೇಡ; ಬೆನ್ನಮೇಲೆ ಅದು ಹೇಗೂ ಮುರಿಯುವುದರಿಂದ ಮನೆಯಲ್ಲಿಯೇ ನಾಲ್ಕಾಗಿ ಮುರಿದು ಒಪ್ಪವಾಗಿ ಜೋಡಿಸಿಕೊಳ್ಳುವುದು ಜಾಣತನ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ. ಇವುಗಳಲ್ಲಿಯ ಎಣ್ಣೆಯು ನಡೆಯುವವನಿಗೆ ಬಲವಾದರೆ ಉಪ್ಪು ಬೆವರಿನ ನಷ್ಟವನ್ನು ತುಂಬುತ್ತದೆ. ಮೊಸರು ಸಿಕ್ಕ ಊರಿನಲ್ಲಿ ಹಿಂಡಿಯನ್ನು ಅದರಲ್ಲಿ ಕಲಸಿ ರೊಟ್ಟಿಯ ಚೂರುಗಳ ಮೇಲೆ ಹಾಕಿಕೊಂಡು ತಿಂದವನಿಗೆ ನಗರದ ಅಂಗಡಿಗಳ ಶಕ್ತಿದಾಯಕ ಬಿಸ್ಕತ್ತುಗಳ ವಿಷಯವಾಗಿ ಗೌರವ ಉಳಿಯುವುದು ಕಷ್ಟ. ಸಿಹಿಗೆಂದು ಅಮೀನಗಡದ ಕರದಂಟನ್ನು ದಾರಿಯಲ್ಲಿಯೇ ಕೊಳ್ಳಬಹುದು. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿಗಳ ಆ ಗಟ್ಟಿ ತುಂಡು ಬಾಯಲ್ಲಿ ಕರಗಲು ಅರ್ಧ ಮೈಲಿ ಹಿಡಿಯುತ್ತದೆಯೆಂಬುದೇ ಅದರ ಗುಣ.

ಇಷ್ಟೆಲ್ಲವೂ ನಮ್ಮ ಪಾಲು. ಆದರೆ ಗಂಟಿನ ಒಡಲಲ್ಲಿ ಮೊದಲ ಸ್ಥಾನವು ನಮ್ಮದಲ್ಲದ ಪಾಲಿಗೆ ಸಲ್ಲಬೇಕು. ಶ್ರೀಶೈಲದ ಭ್ರಮರಾಂಬೆಯು ಕನ್ನಡಿಗರ ಮನೆಮಗಳು, ಮಲ್ಲಯ್ಯನು ಅಳಿಯ, ಎಂದು ಎಣಿಸಿ, ಯುಗಾದಿ ಹಬ್ಬಕ್ಕೆ ಮಗಳಿಗೆ ಉಡಿ ತುಂಬುವುದಕ್ಕಾಗಿ ನಡೆಯುವವರು ನಮ್ಮವರು. ಬಾದಾಮಿ ಹುನಗುಂದಗಳ ಮನೆಯಿಂದ ಹೊರಟ ಉಡಿಯಲ್ಲಿ ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೂ ಇರತಕ್ಕದ್ದೇ. ಹತ್ತಿಯ ಒಡಲಿನ ಎಳೆಗಳಿಗೆ ರೇಷ್ಮೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿಹಾಕಿ ನೇಯ್ದ ಟೋಪ ತೆನಿಯ ಸೀರೆಯನ್ನು ಬೆನ್ನಿಗೆ ತಾಗುವಂತೆ ಇಟ್ಟರೆ ಬೆವರಿಗೆ ಬಣ್ಣ ಕದಡುತ್ತದೆ, ಹೊರಮಗ್ಗುಲಿಗೆ ಇಟ್ಟರೆ ಧೂಳು. ಆದುದರಿಂದ ಕಂಬಳಿಯ ಮಡಿಕೆಯೊಳಗೆ, ಗಂಟಿನ ನಟ್ಟನಡುವೆ ಅದರ ಸ್ಥಾನ. ಹಸಿರು ಬಳೆಗಳನ್ನು ಖಣದಲ್ಲಿ ಸುತ್ತಿ ತಂಬಿಗೆಯೊಳಗೆ ಇರಿಸಬೇಕು. ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಕೊಬ್ಬರಿ ಬಟ್ಟಲುಗಳು ಹೇಗಿಟ್ಟರೂ ಕೆಡವು. ಹೊರಡುವ ಮುಂಜಾನೆ ನಡೆಯಲಾರದ ನೆರೆಯವರು ಬಾಗಿಲಿಗೆ ಬಂದು, "ನನ್ನ ಹೆಸರ್ಲೆ ಒಂದು ಖಣ ಏರಸ್ರೀ ಯಪ್ಪಾ" ಎಂದು ಕೈಗಿಡುವಾಗ, ಚೀಲದಲ್ಲಿ ಜಾಗವಿಲ್ಲವೆನ್ನುವ ನಾಲಗೆ ಯಾರಿಗಿದೆ? ಎರಡನೆಯ ಅಂಗಿಯನ್ನು ತೆಗೆದಿಟ್ಟು ಆ ಖಣಗಳನ್ನು ತುಂಬಿಕೊಳ್ಳಬೇಕು. ನನ್ನ ಐದು ಕಿಲೋದ ಲೆಕ್ಕದಲ್ಲಿ ಒಂದು ಕಿಲೋ ಮೊದಲಿನಿಂದಲೂ ಇವರಿಗಾಗಿಯೇ ಮೀಸಲು.

ತುಂಗಭದ್ರೆಯನ್ನು ದಾಟಿ, ಕರ್ನೂಲು ಆತ್ಮಕೂರುಗಳನ್ನು ಹಾಯ್ದು, ವೆಂಕಟಾಪುರದಲ್ಲಿ ನಲ್ಲಮಲೆಯ ಅರಣ್ಯವನ್ನು ಹೊಕ್ಕಾಗ, ದಾರಿಯು ಕೊಡುತ್ತದೆಂಬ ಸೂತ್ರವು ತಲೆಕೆಳಗಾಗುತ್ತದೆ. ಹುಲಿಗಳಿಗಾಗಿ ಕಾದಿರಿಸಿದ ಆ ಕಾಡಿನ ಕಾಲುದಾರಿಯನ್ನು ಅರಣ್ಯದವರು ಶಿವರಾತ್ರಿ ಯುಗಾದಿಗಳ ಕಾಲದಲ್ಲಿ ಯಾತ್ರಿಕರಿಗೆ ತೆರೆಯುತ್ತಾರೆ. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಮಠಂಬಾವಿ, ಭೀಮನ ಕೊಳ್ಳ, ಕೈಲಾಸದ್ವಾರ: ಹೀಗೆ ಸಾಗುವ ಹಾದಿಯಲ್ಲಿ ದಾಸೋಹದವರು ನುಗ್ಗಿ ಬಂದು ಅನ್ನ ಹಾಕುವುದುಂಟಾದರೂ, ಒಂದು ನೆಲೆಯಿಂದ ಇನ್ನೊಂದು ನೆಲೆಯವರೆಗಿನ ಕಲ್ಲುದಾರಿಯಲ್ಲಿ ನೀರು ನಿಮ್ಮ ಹೆಗಲಿನದೇ. ಎರಡು ಲೀಟರಿಗೆ ಕಡಿಮೆಯಾಗದಂತೆ, ತಿರುಗಿ ತುಂಬಬಹುದಾದ ಲೋಹದ ಬಾಟಲಿಗಳಲ್ಲಿ ಅದನ್ನು ಒಯ್ಯಬೇಕು. ಕುಡಿದೆಸೆಯುವ ಪ್ಲಾಸ್ಟಿಕ್ ಶೀಸೆಗಳನ್ನು ಕಾಡಿಗೆ ಕೊಂಡೊಯ್ಯುವವನನ್ನು ಯಾತ್ರಿಕನೆಂದು ಕರೆಯಲು ನನಗೆ ಮನಸ್ಸಿಲ್ಲ. ಉಪ್ಪು ಸಕ್ಕರೆಯ ಪೊಟ್ಟಣಗಳು, ಇದುವರೆಗೆ ಉಳಿಸಿಕೊಂಡಿದ್ದ ಬ್ಯಾಟರಿ, ಒಂದು ಸೀಟಿ, ಬುತ್ತಿಯ ಕೊನೆಯ ಭಾಗ ಇವು ಕೈಗೆಟಕುವಂತೆ ಮೇಲೆ ಬರಬೇಕಾದ್ದರಿಂದ ವೆಂಕಟಾಪುರದಲ್ಲಿ ಗಂಟನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟುವುದು ಅವಶ್ಯ. ಸೊನ್ನಲಿಗೆಯ ಬಾಲಕ ಸಿದ್ಧರಾಮನು, ಕಣ್ಮರೆಯಾದ ಮಲ್ಲಯ್ಯನನ್ನು ಅರಸುತ್ತ, ಮನೆಯಿಂದ ತಂದ ಮಜ್ಜಿಗೆಯನ್ನಷ್ಟೇ ಹಿಡಿದು ಯಾತ್ರಿಕರ ಹಿಂದೆ ಹೊರಟುಬಿಟ್ಟನೆಂಬ ಕಥೆಯನ್ನು ಹಾದಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೇಳಿ ಸಂತೋಷಪಡಿರಿ, ಅನುಸರಿಸಬೇಡಿರಿ. ಅವನನ್ನು ಕೊಳ್ಳದ ಅಂಚಿನಲ್ಲಿ ಕೈಹಿಡಿದೆತ್ತಲು ಮಲ್ಲಯ್ಯನೇ ಬರಬೇಕಾಯಿತು.

ಹಾದಿಯಲ್ಲಿಯ ಭೀಮನ ಕೊಳ್ಳವನ್ನು ಇಳಿಯುವಾಗಲೂ ಅದರಿಂದ ಕೈಲಾಸದ್ವಾರಕ್ಕೆ ಮೆಟ್ಟಿಲೇರುವಾಗಲೂ ಮೊಣಕಾಲಿನ ಭಾರವನ್ನು ಹಂಚಿಕೊಳ್ಳುವುದು ಊರುಗೋಲು. ಅದು ಬಿದಿರಿನದಾಗಬೇಕೋ ಬಾರಿಯ ಮರದ್ದಾಗಬೇಕೋ ಎಂಬ ವಿಷಯದಲ್ಲಿ ನನಗೂ ಹುನಗುಂದದ ಕಡೆಯ ಕೆಲವು ಹಿರಿಯರಿಗೂ ಬಹುಕಾಲದ ವ್ಯಾಜ್ಯವಿದೆ. ಅದನ್ನು ಮುಂದಿನ ವಾರ ಬಿಡಿಸಿ ಹೇಳುತ್ತೇನೆ.