ಬ್ರಾಂಕೋಸ್ ಚರಿತ್ರೆ: ಗೆಲುವಿನ ಕತೆ ಮುಚ್ಚಿಟ್ಟದ್ದು

ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಗೋಧಿ ಬಯಲಿನಲ್ಲಿರುವ ಸ್ವಿಫ್ಟ್ ಕರೆಂಟ್ ಚಿಕ್ಕ ಊರು. ಅಲ್ಲಿನ ಜೂನಿಯರ್ ಐಸ್ ಹಾಕಿ ತಂಡ ಬ್ರಾಂಕೋಸ್ 1974ರಲ್ಲಿ ಲೆತ್‌ಬ್ರಿಜ್ ನಗರದ ಪಾಲಾಗಿ, 1986ರಲ್ಲಿ ತವರಿಗೆ ಮರಳಿತು. ಆ ವರ್ಷದ ಡಿಸೆಂಬರ್ 30ರಂದು ರೆಜೈನಾದ ಪಂದ್ಯಕ್ಕೆ ಹೊರಟಿದ್ದ ತಂಡದ ಬಸ್ಸು, ಊರು ದಾಟುತ್ತಿದ್ದಂತೆ ಹೆಪ್ಪುಗಟ್ಟಿದ ಹೆದ್ದಾರಿಯಲ್ಲಿ ಜಾರಿ ಉರುಳಿತು. ಹಿಂದಿನ ಸೀಟುಗಳಲ್ಲಿ ಇಸ್ಪೀಟಾಡುತ್ತಿದ್ದ ಟ್ರೆಂಟ್ ಕ್ರೆಸ್, ಸ್ಕಾಟ್ ಕ್ರೂಗರ್, ಕ್ರಿಸ್ ಮಂಟಿಕಾ, ಬ್ರೆಂಟ್ ರಫ್ ತೀರಿಕೊಂಡರು. ರಫ್‌ಗೆ ಆಗ ಹದಿನಾರು ವರ್ಷ. ಎರಡೂವರೆ ವರ್ಷ ತುಂಬುವ ಮೊದಲೇ, 1989ರ ಮೇ ತಿಂಗಳಲ್ಲಿ, ಸಾಸ್ಕಟೂನ್ ತಂಡವನ್ನು ಅದರ ಊರಿನಲ್ಲೇ ಹೆಚ್ಚುವರಿ ಅವಧಿಯಲ್ಲಿ 4-3ರಿಂದ ಸೋಲಿಸಿ ಬ್ರಾಂಕೋಸ್ ಮೆಮೋರಿಯಲ್ ಕಪ್ ಎತ್ತಿತು. ಸಾವಿನ ಮನೆಯಿಂದ ಎದ್ದು ಬಂದು ದೇಶದ ಜೂನಿಯರ್ ಕಿರೀಟ ಗೆದ್ದ ಹುಡುಗರು ಎಂದೇ ಈ ತಂಡದ ಚರಿತ್ರೆಯನ್ನು ಬಹುಕಾಲ ಹೇಳಿಕೊಂಡು ಬರಲಾಯಿತು. ಅದರಲ್ಲಿ ಬರುವ ಒಂದೊಂದು ಸಂಗತಿಯೂ ನಿಜ. ಆದರೂ ಚರಿತ್ರೆಯಾಗಿ ಅದು ಸೋತಿದೆ. ಯಾರನ್ನು ಅದು ನಾಯಕನನ್ನಾಗಿ ಮಾಡಿತೋ ಅವನೇ ಆ ಹುಡುಗರಿಗೆ ಅಪಾಯವಾಗಿದ್ದ.

ಕೋಚ್ ಗ್ರಹಾಂ ಜೇಮ್ಸ್‌ನನ್ನು 1989ರಲ್ಲಿ 'ದಿ ಹಾಕಿ ನ್ಯೂಸ್' ಪತ್ರಿಕೆ ವರ್ಷದ ವ್ಯಕ್ತಿ ಎಂದು ಸನ್ಮಾನಿಸಿತು. 1996ರಲ್ಲಿ ಅವನ ಶಿಷ್ಯ ಶೆಲ್ಡನ್ ಕೆನಡಿ ಪೊಲೀಸರ ಬಳಿ ಹೋದರು. 1997ರ ಜನವರಿಯಲ್ಲಿ ಜೇಮ್ಸ್, ಇಬ್ಬರು ಆಟಗಾರರ ಮೇಲೆ ವರ್ಷಗಟ್ಟಲೆ, ಸುಮಾರು 350 ಬಾರಿ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಒಪ್ಪಿಕೊಂಡು ಮೂರೂವರೆ ವರ್ಷದ ಶಿಕ್ಷೆಗೆ ಒಳಗಾದ. ಕೆನಡಿ ಆ ಬಸ್ಸಿನಲ್ಲೂ ಇದ್ದರು, ಕಪ್ ಗೆದ್ದ ತಂಡದಲ್ಲೂ ಇದ್ದರು. ಇಲ್ಲಿ ಒಂದು ವಿವರದ ಮೇಲೆ ಕಣ್ಣಿಡಬೇಕು. ಅಪಘಾತದ ನಂತರ ಆಟಗಾರರಿಗೆ ಹೊರಗಿನ ಆಪ್ತಸಮಾಲೋಚಕರ ನೆರವು ಸಿಗದಂತೆ ತಡೆದವನು ಜೇಮ್ಸ್. ನಮ್ಮ ದುಃಖವನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬುದು ಅವನ ನಿಲುವಾಗಿತ್ತು. ಗೆಲುವಿನ ಕತೆಯಲ್ಲಿ ಅದು ಒಗ್ಗಟ್ಟಾಗಿ, ಗಟ್ಟಿತನವಾಗಿ ಕಂಡಿತು. ತರಬೇತಾದ ಕಿವಿಯೊಂದು ಆ ಹುಡುಗರ ಬಳಿ ಕುಳಿತಿದ್ದರೆ ತನ್ನ ಗುಟ್ಟು ಹೊರಬೀಳುತ್ತಿತ್ತೆಂಬ ಭಯ ಅವನಿಗಿತ್ತು ಎಂದು ಬದುಕುಳಿದ ಆಟಗಾರರು ನಂತರ ಹೇಳಿದ್ದಾರೆ. ಹಾಗಾಗಿ ಅಪಘಾತ, ಕಪ್, ದೌರ್ಜನ್ಯ ಎಂದು ಇವನ್ನು ಮೂರು ಬೇರೆ ಅಧ್ಯಾಯಗಳಾಗಿ ಬರೆಯಲು ಬರುವುದಿಲ್ಲ. ತಂಡದ ಬಾಗಿಲು ಹೊರಗಿನವರಿಗೆ ಮುಚ್ಚಿದ್ದೇ ಮೂರನ್ನೂ ಒಂದೇ ದಾರದಲ್ಲಿ ಕಟ್ಟುತ್ತದೆ.

ಆ ಬಾಗಿಲನ್ನು ಜೇಮ್ಸ್ ಒಬ್ಬನೇ ಕಟ್ಟಿದ್ದಲ್ಲ. ಜೂನಿಯರ್ ಹಾಕಿಯಲ್ಲಿ ಹದಿನಾರು, ಹದಿನೇಳರ ಹುಡುಗರು ಹೆತ್ತವರನ್ನು ಬಿಟ್ಟು ನೂರಾರು ಮೈಲಿ ದೂರದ ಊರಿಗೆ ಹೋಗುತ್ತಾರೆ, ಅಲ್ಲಿ ಬೇರೊಂದು ಕುಟುಂಬದ ಮನೆಯಲ್ಲಿ ಉಳಿಯುತ್ತಾರೆ. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು, ಯಾರನ್ನು ಇನ್ನೊಂದು ತಂಡಕ್ಕೆ ಸಾಗಿಸಬೇಕು ಎಂಬುದೆಲ್ಲ ಕೋಚ್ ಕೈಯಲ್ಲಿ. ವೃತ್ತಿಪರ ಹಾಕಿಯ ಎನ್‌ಎಚ್‌ಎಲ್ ಲೀಗ್ ಸೇರುವ ಕನಸು ಹೊತ್ತ ಹುಡುಗ ಅಂಥವನ ವಿರುದ್ಧ ಬಾಯಿಬಿಟ್ಟರೆ ಅವನ ಭವಿಷ್ಯವೇ ಹೋದಂತೆ. ಒಬ್ಬ ದುಷ್ಟನ ಪಾಪಕ್ಕೆ ಊರನ್ನೂ ಆಟವನ್ನೂ ಕಟಕಟೆಗೆ ತರಬಾರದು ಎನ್ನುವವರಿದ್ದಾರೆ. ಅಪರಾಧ ಅವನದೇ, ನಿಜ. ಆದರೆ ಯಾರೂ ಪ್ರಶ್ನಿಸದ ಅಧಿಕಾರವನ್ನು ಅವನಿಗೆ ಕೊಟ್ಟದ್ದು ವ್ಯವಸ್ಥೆ. ಆ ಕಾಲದಲ್ಲಿ ಆಪ್ತಸಮಾಲೋಚನೆಯ ರೂಢಿಯೇ ಇರಲಿಲ್ಲ, ಇಂದಿನ ಅಳತೆಗೋಲು ಅಂದಿಗೆ ಸಲ್ಲದು ಎಂಬ ವಾದವೂ ಇದೆ. ರೂಢಿಯಿಲ್ಲದ್ದು ನಡೆಯಲಿಲ್ಲ ಎನ್ನುವುದು ಒಂದು, ಬರಬಹುದಾಗಿದ್ದ ನೆರವನ್ನು ಬೇಡವೆಂದು ದೂರವಿಟ್ಟದ್ದು ಇನ್ನೊಂದು. ಸ್ವಿಫ್ಟ್ ಕರೆಂಟ್‌ನಲ್ಲಿ ಆದದ್ದು ಎರಡನೆಯದು.

ನನಗೆ ಹೆಚ್ಚು ಭಾರವೆನಿಸುವ ಆಕ್ಷೇಪ ಬೇರೆಯದು: ಇದನ್ನೆಲ್ಲ ಎತ್ತಿದರೆ ಸತ್ತ ನಾಲ್ವರ ನೆನಪಿಗೂ ಗೆದ್ದವರ ಬೆವರಿಗೂ ಮಸಿ ಬಳಿದಂತಾಗುವುದಿಲ್ಲವೇ? ಆ ನಾಲ್ವರ ಗೌರವಾರ್ಥ, ತಂಡ ಆಡುವ ಜೂನಿಯರ್ ಲೀಗಿನ ಶ್ರೇಷ್ಠ ಆಟಗಾರನಿಗೆ 'ಫೋರ್ ಬ್ರಾಂಕೋಸ್' ಟ್ರೋಫಿ ಕೊಡುತ್ತಾರೆ. ಆ ಪ್ರೀತಿಯನ್ನು ಯಾರೂ ಕಡೆಗಣಿಸುತ್ತಿಲ್ಲ. ಕಪ್ಪನ್ನು ಕೋಚಿನ ಚಾತುರ್ಯದ ಖಾತೆಗೆ ಬರೆದದ್ದೇ ಆ ಹುಡುಗರಿಗೆ ಆದ ನಿಜವಾದ ಅನ್ಯಾಯ. ಸಮಾಲೋಚನೆ ಇಲ್ಲದೆ, ಸ್ನೇಹಿತರ ಸಾವನ್ನು ಎದೆಯಲ್ಲಿಟ್ಟುಕೊಂಡು, ಕೆಲವರು ಅದಕ್ಕೂ ಮಿಗಿಲಾದ ಹಿಂಸೆ ಸಹಿಸಿಕೊಂಡು ಆಡಿದರೆಂದು ತಿಳಿದಾಗ ಆ ಗೆಲುವು ಕೋಚಿನಿಂದ ಬಿಡಿಸಿಕೊಂಡು ಆಟಗಾರರಿಗೆ ಮರಳುತ್ತದೆ. ಲೇಖಕರಾದ ಲೀಸಾ ಕಲ್ಪ್, ಗ್ರೆಗ್ ಡ್ರಿನನ್ ಜತೆ, ಬಸ್ಸಿನಲ್ಲಿದ್ದ ಆಟಗಾರ ಬಾಬ್ ವಿಲ್ಕಿ ಸೇರಿ 2012ರಲ್ಲಿ ತಂದ 'ಸಡನ್ ಡೆತ್' ಪುಸ್ತಕ ಅಪಘಾತವನ್ನೂ ದೌರ್ಜನ್ಯವನ್ನೂ ಒಟ್ಟಿಗೇ ಹೇಳಿತು. ಕೆನಡಿಯ ಆತ್ಮಕತೆ 2006ರಲ್ಲೇ ಬಂದಿತ್ತು. ಬ್ರಾಂಕೋಸ್ ಚರಿತ್ರೆಯನ್ನು ಓದಲು ತೊಡಗುವವರು ಕಪ್ಪಿನ ಫೋಟೋಗಿಂತ ಮೊದಲು ಇವನ್ನು ತೆರೆಯಬೇಕು.

2018ರ ಏಪ್ರಿಲ್ 6ರಂದು ಅದೇ ಪ್ರಾಂತ್ಯದ ಹಂಬೋಲ್ಟ್ ಊರಿನ, ಅದೇ ಹೆಸರಿನ ಇನ್ನೊಂದು ಜೂನಿಯರ್ ತಂಡದ ಬಸ್ಸು ಟ್ರಕ್ಕಿಗೆ ಡಿಕ್ಕಿಯಾಗಿ ಹದಿನಾರು ಮಂದಿ ಸತ್ತರು. ಈ ಬಾರಿ ಸಮಾಲೋಚಕರು ಊರಿಗೆ ಬಂದರು. ಹಳೆಯ ಬ್ರಾಂಕೋಸ್ ಆಟಗಾರರೊಂದಿಗೆ ಶೆಲ್ಡನ್ ಕೆನಡಿಯೂ ಬಂದು, 1986ರಲ್ಲಿ ತಮಗೆ ಸಿಗದ ಮಾತಿನ ಆಸರೆಯನ್ನು ಆ ಊರಿನವರಿಗೆ ಕೊಟ್ಟರು.