ಯಾವ ಬಿಳಿ?

ಅಂತಸ್ತಿನ ಮೇಲೆ ಅಂತಸ್ತು ಕೂರಿಸಿದ ಮದುವೆ ಕೇಕಿಗೆ ಬಣ್ಣ ಆರಿಸಲು ಕೂತವರು ಮೊದಲು ಹೂವಿನ ಮಾತೆತ್ತುತ್ತಾರೆ. ಗುಲಾಬಿ ತಿಳಿಬಣ್ಣದ್ದಿರಲೋ ಕಡುಬಣ್ಣದ್ದಿರಲೋ, ಜೊತೆಗೆ ನೇರಳೆ ಒಪ್ಪೀತೋ ಇಲ್ಲವೋ. ನನಗೆ ಮೊದಲು ತಿಳಿಯಬೇಕಾದ್ದು ಬೇರೆ: ಕೇಕಿನ ಮೈಯದು ಯಾವ ಬಿಳಿ? ಅದೊಂದು ಗೊತ್ತಾದರೆ ಹೂವಿನ ಬಣ್ಣ ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಬಿಳಿಯಲ್ಲೂ ಬಗೆಗಳಿವೆ. ಮೊಟ್ಟೆಯ ಬಿಳಿಭಾಗಕ್ಕೆ ಸಕ್ಕರೆ ಪುಡಿ ಸೇರಿಸಿ ಕಡೆದ ರಾಯಲ್ ಐಸಿಂಗ್ ಒಣಗಿದ ಮೇಲೆ ಹೊಳಪಿಲ್ಲದ ಅಚ್ಚಬಿಳಿ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕಿನದೂ ಬಿಳಿಯ ಮೈಯೇ. ಚೆನ್ನಾಗಿ ಶುದ್ಧಮಾಡಿದ ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಆ ಬಿಳುಪೇ ಸಿರಿವಂತಿಕೆಯ ಗುರುತಾಗಿತ್ತು. ಬಟರ್‌ಕ್ರೀಮ್ ಹಾಗಲ್ಲ. ಎಷ್ಟು ಕಡೆದರೂ ಬೆಣ್ಣೆಯ ಹಳದಿ ಒಂದೆಳೆ ಉಳಿದೇ ಉಳಿಯುತ್ತದೆ. ಅದನ್ನು ಅಡಗಿಸಲು ಬೇಕರಿಯವರು ಚೂರೇ ಚೂರು ನೇರಳೆ ಬಣ್ಣ ಬೆರೆಸುವುದುಂಟು, ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ನೀಲಿ ಹಾಕುವ ಹಾಗೆ. ನನಗಂತೂ ಆ ಹಳದಿ ಎಳೆಯನ್ನು ಹಾಗೇ ಬಿಡುವುದೇ ಇಷ್ಟ. ಬೆಣ್ಣೆ ಬೆಣ್ಣೆಯಂತೆಯೇ ಕಾಣಲಿ.

ಬಿಳಿ ಬದಲಾದರೆ ಹೂವೂ ಬದಲಾಗುತ್ತದೆ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್‌ಗೆ ಒಂದು ದೂರು ಬಂದಿತ್ತು: ಕಪ್ಪು ನೂಲಿನಲ್ಲಿ ಕಪ್ಪೇ ಸಾಲದು ಎಂದು. ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ಲೋಪವಿರಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆ ಎಳೆಗಳು ಅದರ ಕಪ್ಪನ್ನು ನುಂಗುತ್ತಿದ್ದವು. 1839ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಸಾರವೇ ಇದು, ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಕೇಕಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಒಂದೇ ಗುಲಾಬಿಯನ್ನು ದಂತವರ್ಣದ ಮೈಮೇಲಿಟ್ಟರೆ ತುಸು ನೇರಳೆಗೆ ವಾಲುತ್ತದೆ. ನೀಲಿಛಾಯೆಯ ಬಿಳಿಯ ಮೇಲಿಟ್ಟರೆ ಅದಕ್ಕೇ ಪೀಚ್ ಹಣ್ಣಿನ ಬಿಸುಪು ಬರುತ್ತದೆ.

ಬಿಳಿಯ ಶಕ್ತಿ ಎಷ್ಟೆಂಬುದಕ್ಕೆ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ 2011ರ ಏಪ್ರಿಲ್ 29ರಂದು ನಿಂತಿದ್ದ ಕೇಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವಿಲಿಯಂ ಮತ್ತು ಕ್ಯಾಥರೀನ್ ಮದುವೆಗೆ ಫಿಯೋನಾ ಕೇರ್ನ್ಸ್ ಮಾಡಿದ ಎಂಟು ಅಂತಸ್ತಿನ ಹಣ್ಣಿನ ಕೇಕ್ ಅದು. ಸಕ್ಕರೆಯ ಹೂವುಗಳೇ ಸುಮಾರು 900, ಹದಿನೇಳು ಬಗೆಯವು. ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್, ವೇಲ್ಸಿನ ಡ್ಯಾಫೊಡಿಲ್, ಐರ್ಲೆಂಡಿನ ಶ್ಯಾಮ್ರಾಕ್, ಎಲ್ಲವೂ ಇದ್ದವು. ಅಷ್ಟಕ್ಕೂ ಸೇರಿ ಬಣ್ಣ ಎರಡೇ, ಬಿಳಿ ಮತ್ತು ಕೆನೆ. ಹಳದಿಗೇ ಹೆಸರಾದ ಡ್ಯಾಫೊಡಿಲ್ ಹಳದಿ ಬಿಟ್ಟುಕೊಟ್ಟಿತು, ಥಿಸಲ್ ತನ್ನ ನೇರಳೆಯನ್ನು ಬಿಟ್ಟುಕೊಟ್ಟಿತು. ನಾಲ್ಕು ನಾಡಿನ ಹೂಗಳು ನಾಲ್ಕು ಬಣ್ಣದಲ್ಲಿ ಬಂದಿದ್ದರೆ ಅದು ಬಾವುಟಗಳ ಮೆರವಣಿಗೆಯಾಗುತ್ತಿತ್ತು. ಬಣ್ಣ ಹಿಂದೆ ಸರಿದದ್ದರಿಂದ ನೆರಳು ಮುಂದೆ ಬಂತು: ಎಸಳು ಮಡಿಸಿದ ಕಡೆ ತಿಳಿಬೂದು, ತುದಿಯಲ್ಲಿ ಬೆಳಕು. ಇಷ್ಟೊಂದು ಸಂಯಮವನ್ನು ಅಷ್ಟು ದೊಡ್ಡ ಸಂಭ್ರಮದ ನಡುವೆ ಕಾಪಾಡಿಕೊಂಡದ್ದನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಹಾಗೆಂದು ಬಣ್ಣವೇ ಬೇಡವೆಂದಲ್ಲ. 2021ರಲ್ಲಿ ತೀರಿಕೊಂಡ ನ್ಯೂಯಾರ್ಕಿನ ಸಿಲ್ವಿಯಾ ವೈನ್‌ಸ್ಟಾಕ್ ಕೇಕಿಗೆ ಬಟರ್‌ಕ್ರೀಮನ್ನೇ ಬಳಿದು, ಅದರ ಮೇಲೆ ಒಂದೊಂದೇ ಎಸಳು ಕೂಡಿಸಿ ಮಾಡಿದ ಸಕ್ಕರೆ ಹೂಗಳನ್ನು ತೋಟದ ತುಂಬುಬಣ್ಣದಲ್ಲಿ ಅರಳಿಸಿದವರು. ಇಂಥ ಹೂವಿನ ಗುಟ್ಟು ತಿಳಿಯಬೇಕಾದರೆ ಒಂದೇ ಒಂದು ಎಸಳನ್ನು ಹತ್ತಿರದಿಂದ ನೋಡಬೇಕು. ಗಮ್ ಪೇಸ್ಟ್ ಎಂಬ ಸಕ್ಕರೆ ಹಿಟ್ಟನ್ನು ಕೆಳಗಿನ ಅಕ್ಷರ ಕಾಣುವಷ್ಟು ತೆಳ್ಳಗೆ ಲಟ್ಟಿಸಿ, ಕತ್ತರಿಸಿ, ಅಂಚನ್ನು ಗುಂಡುತಲೆಯ ಕಡ್ಡಿಯಿಂದ ಒತ್ತಿ ನಿರಿಗೆ ಬರಿಸುತ್ತಾರೆ. ಹಿಟ್ಟಿಗೆ ಬೆರೆಸುವ ಬಣ್ಣ ತೀರಾ ತೆಳು. ಒಣಗಿದ ಮೇಲೆ ಬಣ್ಣದ ಪುಡಿಯನ್ನು ಕುಂಚದಿಂದ ಸವರುತ್ತಾರೆ, ಬುಡದಿಂದ ಮೇಲಕ್ಕೆ, ಅರ್ಧಕ್ಕೇ ನಿಲ್ಲಿಸಿ. ಬುಡದಲ್ಲಿ ಒಂದಿಷ್ಟು ಹಸಿರುಹಳದಿ, ತುದಿಯಂಚಿಗೆ ಕಣ್ಣಿಗೆ ಬೀಳದಷ್ಟು ಗುಲಾಬಿ. ಕೊನೆಗೆ ಹಬೆಗೆ ಹಿಡಿದರೆ ಪುಡಿಯೆಲ್ಲ ಕೂತು ಎಸಳಿಗೆ ಜೀವ ಬರುತ್ತದೆ. ಡಬ್ಬಿಯಿಂದ ತೆಗೆದ ಒಂದೇ ಬಣ್ಣವನ್ನು ಎಲ್ಲೆಡೆ ಬಳಿದ ಹೂವು ಪ್ಲಾಸ್ಟಿಕ್ಕಿನಂತೆ ಕಾಣುವುದೇಕೆಂದು ಆಗ ಅರ್ಥವಾಗುತ್ತದೆ.

ಎಲೆಗಳನ್ನು ಜನ ಕಡೆಗಣಿಸುತ್ತಾರೆ. ಹೂವಿನ ಬುಡಕ್ಕೆ ಸವರಿದ ಆ ಹಸಿರೇ ಎಲೆಯಲ್ಲೂ ಇದ್ದರೆ ಎಲ್ಲ ಹೂಗಳೂ ಒಂದೇ ಬಳ್ಳಿಯವೆನಿಸುತ್ತವೆ. ಗಿಳಿಹಸಿರು ಮಾತ್ರ ಬೇಡ, ಅದು ಬಿಳಿಯ ಮೇಲೆ ಕಿರುಚುತ್ತದೆ.

ಇನ್ನು ಬೆಳಕು. ಹಗಲಲ್ಲಿ ಚೆಂದವಾಗಿದ್ದ ತಿಳಿನೀಲಿ ಸಭಾಂಗಣದ ಹಳದಿ ದೀಪದಡಿ ಬೂದಿಯಾಗುತ್ತದೆ. ಗುಲಾಬಿ, ನೇರಳೆಗಳು ಬಿಸಿಲು ಬಿದ್ದಲ್ಲಿ ಬಿಳಿಚಿಕೊಳ್ಳುತ್ತವೆ. ಬಣ್ಣ ಆರಿಸಬೇಕಾದ್ದು ಕೇಕ್ ನಿಲ್ಲುವ ಜಾಗದ ದೀಪದಲ್ಲೇ.

ಮಂಗಳೂರಿನ ಕ್ರೈಸ್ತ ಮದುವೆಗಳ ಆರತಕ್ಷತೆಯಲ್ಲೂ ಕೇಕ್ ಕತ್ತರಿಸುವ ಪದ್ಧತಿಯಿದೆ. ವಧುವಿಗೆ ಅಲ್ಲಿ ಸಾಡೊ ಎಂಬ ಕೆಂಪು ಸೀರೆಯಿದೆ. ಸೀರೆಗೆ ಹೊಂದಲಿ ಎಂದು ಕಡುಗೆಂಪು ಸಕ್ಕರೆ ಗುಲಾಬಿ ಕೇಳುವವರಿದ್ದಾರೆ, ನಾನು ಬೇಡವೆನ್ನುತ್ತೇನೆ. ಕರಾವಳಿಯ ಹವೆಗೆ ಸಕ್ಕರೆಯ ಎಸಳು ತೇವ ಹೀರಿ ಬಾಗುತ್ತದೆ, ಕಡುಗೆಂಪು ಬೆವರಿ ಬಿಳಿಗೆ ಕಲೆ ಹತ್ತಿಸುತ್ತದೆ. ಅದೂ ಅಲ್ಲದೆ ಸೀರೆಯ ಕೆಂಪಿನ ಪಕ್ಕದಲ್ಲಿ ಸಕ್ಕರೆಯ ಕೆಂಪು ಸಪ್ಪೆಯೇ. ದಂತವರ್ಣದ ಮೈಗೆ ಮಲ್ಲಿಗೆ ಮೊಗ್ಗು ಮತ್ತು ಅಬ್ಬಲಿಗೆ ಸಾಕು. ಅಬ್ಬಲಿಗೆಯ ಕಿತ್ತಳೆಯಲ್ಲಿ ಹಳದಿಯೂ ಇದೆ, ಕೆಂಪೂ ಇದೆ. ಹಳದಿಯಿಂದ ಕೇಕಿಗೆ ನಂಟು, ಕೆಂಪಿನಿಂದ ಸೀರೆಗೆ. ಮೇಲಿನ ಅಂತಸ್ತಿಗೆ ಮಲ್ಲಿಗೆ ಮಾತ್ರ ಇರಲಿ. ಅಬ್ಬಲಿಗೆ ನಡುವಿನ ಅಂತಸ್ತಿನಿಂದ ಬಿಡಿಬಿಡಿಯಾಗಿ ಶುರುವಾಗಿ ಬುಡಕ್ಕೆ ಇಳಿಯುತ್ತ ಒತ್ತಾಗಲಿ. ಮೊಗ್ಗಿನ ತೊಟ್ಟಿಗೆ ಒಂದು ಚುಕ್ಕಿ ಮಾಸಲು ಹಸಿರು ಮರೆಯಬಾರದು.